ಕೇ ವಾಕಿಂಗ್‌ಸ್ಟಿಕ್

ಕೇ ವಾಕಿಂಗ್‌ಸ್ಟಿಕ್ (ಜನನ: ಮಾರ್ಚ್ 2, 1935) ಅಮೆರಿಕ ಸಂಯುಕ್ತ ಸಂಸ್ಥಾನದ ಭೂದೃಶ್ಯ ಚಿತ್ರಕಲಾವಿದೆ ಹಾಗೂ ಚೆರೋಕೀ ರಾಷ್ಟ್ರದ ಪ್ರಜೆ. ಪರ್ವತ, ಕಣಿವೆ, ಜಲಪಾತಗಳ ದೃಶ್ಯದ ಮೇಲೆ ಆಯಾ ನೆಲದ ಮೂಲನಿವಾಸಿಗಳ ಪಾರಂಪರಿಕ ವಿನ್ಯಾಸಗಳನ್ನು ಬರೆಯುವುದು ಅವರ ಇತ್ತೀಚಿನ ದಶಕಗಳ ಕೃತಿಗಳ ವೈಶಿಷ್ಟ್ಯ.

ಜೀವನ

ಅವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಜನಿಸಿದರು. ತಂದೆ ಒಕ್ಲಹೋಮಾದ ಚೆರೋಕೀ; ತಾಯಿ ಸ್ಕಾಟಿಷ್-ಐರಿಷ್ ಮೂಲದವರು. ತಂದೆಯ ಸಮುದಾಯದಿಂದ ದೂರದಲ್ಲಿ ಬೆಳೆದ ಅವರಲ್ಲಿ ಚೆರೋಕೀ ಎಂಬ ಅಭಿಮಾನವನ್ನು ಮೂಡಿಸಿದವರು ತಾಯಿಯೇ. 1959ರಲ್ಲಿ ಬೀವರ್ ಕಾಲೇಜಿನಿಂದ ಪದವಿಯನ್ನೂ 1975ರಲ್ಲಿ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯ ಪ್ರಾಧ್ಯಾಪಕಿಯಾಗಿದ್ದರು.

ಕಲೆ

1970ರ ದಶಕದಲ್ಲಿ ಅವರು ಅಮೂರ್ತ ಚಿತ್ರಗಳತ್ತ ಹೊರಳಿದರು. 1877ರಲ್ಲಿ ಅಮೆರಿಕದ ಸೇನೆಯಿಂದ ತಪ್ಪಿಸಿಕೊಳ್ಳಲು ತನ್ನ ಜನರೊಡನೆ ಕೆನಡಾದತ್ತ ಸಾಗಿದ ನೆಜ್ ಪರ್ಸ್ ನಾಯಕ ಜೋಸೆಫನ ಸ್ಮರಣೆಗಾಗಿ ರಚಿಸಿದ ಚಿತ್ರಮಾಲೆ ಈ ಅವಧಿಯದು. 1980ರ ದಶಕದಲ್ಲಿ ಎರಡು ಫಲಕಗಳನ್ನು ಜೋಡಿಸಿದ ಕೃತಿಗಳು ಆರಂಭವಾದವು: ಒಂದರಲ್ಲಿ ಸ್ಥಳದ ಕಣ್ಣಿಗೆ ಕಾಣುವ ರೂಪ, ಇನ್ನೊಂದರಲ್ಲಿ ಅಮೂರ್ತ ಆಕಾರ. ಬಣ್ಣಕ್ಕೆ ಮೇಣವನ್ನು ಬೆರೆಸಿ, ಅನೇಕ ವೇಳೆ ಕೈಯಿಂದಲೇ ದಪ್ಪನಾಗಿ ಬಳಿಯುತ್ತಿದ್ದರು. 1989ರಲ್ಲಿ ಪತಿ ನಿಧನರಾದ ಬಳಿಕ ಧುಮ್ಮಿಕ್ಕುವ ಜಲಪಾತಗಳು ಅವರ ಚಿತ್ರಗಳಲ್ಲಿ ಮರುಕಳಿಸಿದವು.

ಹತ್ತೊಂಬತ್ತನೆಯ ಶತಮಾನದ ಹಡ್ಸನ್ ನದಿ ಪಂಥದ ಚಿತ್ರಕಾರರು ಅಮೆರಿಕದ ನಿಸರ್ಗವನ್ನು ಬಹುಮಟ್ಟಿಗೆ ಜನರಹಿತ ಕನ್ಯಾಭೂಮಿಯೆಂಬಂತೆ ಚಿತ್ರಿಸಿದ್ದರು. ವಾಕಿಂಗ್‌ಸ್ಟಿಕ್ ಆ ಪರಂಪರೆಯ ಸೌಂದರ್ಯವನ್ನು ಒಪ್ಪುತ್ತಾರೆ, ಅದರ ಮೌನವನ್ನು ಒಪ್ಪುವುದಿಲ್ಲ. ಮಡಕೆ, ಬುಟ್ಟಿ ಹಾಗೂ ತೊಗಲಿನ ಚೀಲಗಳ ಮೇಲಿನ ಸ್ಥಳೀಯ ವಿನ್ಯಾಸಗಳನ್ನು ಅವರು ಅಧ್ಯಯನ ಮಾಡಿ ಭೂದೃಶ್ಯದ ಮೇಲೆ ಇರಿಸುತ್ತಾರೆ. 'ನಯಾಗರಾ' (2022) ಚಿತ್ರದ ಜಲಪಾತದ ಮೇಲೆ ಇರುವುದು ಹೌಡೆನೊಸೌನೀ ಜನರ ವಿನ್ಯಾಸ. ಇದನ್ನು ಕೇವಲ ಅಲಂಕಾರವೆಂದು ನೋಡುವುದು ಸರಿಯಲ್ಲ. ಈ ನೆಲ ಯಾರದೆಂಬುದನ್ನು ವಿನ್ಯಾಸವೇ ಹೇಳುತ್ತದೆ.

'ಫೇರ್‌ವೆಲ್ ಟು ದ ಸ್ಮೋಕೀಸ್' (2007) ಅವರ ಸ್ವಂತ ಜನರ ಇತಿಹಾಸಕ್ಕೆ ಸಂಬಂಧಿಸಿದೆ. 1838-39ರಲ್ಲಿ ಚೆರೋಕೀಯರನ್ನು ಆಗ್ನೇಯದ ತಾಯ್ನೆಲದಿಂದ ಇಂದಿನ ಒಕ್ಲಹೋಮಾಕ್ಕೆ ಬಲವಂತವಾಗಿ ಸಾಗಿಸಲಾಯಿತು. ದಾರಿಯಲ್ಲಿ ಸಾವಿರಾರು ಮಂದಿ ಮಡಿದರು. 'ಕಣ್ಣೀರಿನ ಹಾದಿ' ಎಂದು ಹೆಸರಾದ ಈ ಘಟನೆಯನ್ನು ನೆನಪಿಸುವ ಚಿತ್ರದಲ್ಲಿ, ವಿಶಾಲವಾದ ಸ್ಮೋಕಿ ಪರ್ವತಗಳ ಬುಡದಲ್ಲಿ ನಡೆದು ಹೋಗುವ ಜನರ ಪುಟ್ಟ ಆಕೃತಿಗಳಿವೆ. ಬೆಟ್ಟಗಳನ್ನೇ ನೋಡುತ್ತ ನಿಂತವರಿಗೆ ಅವು ಮೊದಲು ಕಾಣದೆ ಹೋಗಬಹುದು.

ಪ್ರದರ್ಶನಗಳು

2015ರಲ್ಲಿ ವಾಷಿಂಗ್ಟನ್‌ನ ಅಮೆರಿಕನ್ ಇಂಡಿಯನ್ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಅವರ ಕೃತಿಗಳ ಸಿಂಹಾವಲೋಕನ ಪ್ರದರ್ಶನವನ್ನು ಏರ್ಪಡಿಸಿತು. 2023ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಅವರ ಚಿತ್ರಗಳನ್ನು ಹಡ್ಸನ್ ನದಿ ಪಂಥದ ಚಿತ್ರಗಳ ಜೊತೆಗೇ ತೂಗುಹಾಕಲಾಯಿತು. 2024ರ ವೆನಿಸ್ ಬಿಯೆನಾಲೆಯಲ್ಲಿಯೂ ಅವರ ಕೃತಿಗಳಿದ್ದವು.