ನೇತ್ರಾವತಿಯ ನೀರು: ಪಡೆದದ್ದು, ಮರಳಿಸಿದ್ದು

ನೀರನ್ನು ಗಾಳಿಸಿ ಬಳಸಬೇಕೆಂಬ ಶ್ರಾವಕಾಚಾರದ ವಿಧಿ ನಮ್ಮ ಮನೆಮನೆಗೂ ಚಿರಪರಿಚಿತ. ಅದರ ಉತ್ತರಾರ್ಧವನ್ನು ಮರೆತವರೇ ಹೆಚ್ಚು. ಅರಿವೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಮೂಲಕ್ಕೇ ಮೆಲ್ಲನೆ ಮರಳಿಸಬೇಕು. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ನೀರೇ ಅಪ್ಕಾಯಿಕ ಜೀವಗಳ ಶರೀರವೆಂದು ನಂಬಿದ ಧರ್ಮಕ್ಕೆ ಇದು ಸಹಜವಾದ ನಿಯಮ. ನಮ್ಮ ಸೀಮೆಯ ನದಿಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬಹುದು.

ಕುದುರೆಮುಖದ ಮಗ್ಗುಲಿನ ಘಟ್ಟಗಳಲ್ಲಿ ಹುಟ್ಟುವ ನೇತ್ರಾವತಿಯು ಬೆಳ್ತಂಗಡಿ ಸೀಮೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿ ಬಂಟ್ವಾಳಕ್ಕೆ ಬರುತ್ತದೆ. ಘಟ್ಟದಿಂದಿಳಿದ ಸರಕು ಒಂದು ಕಾಲದಲ್ಲಿ ಇಲ್ಲಿಂದಲೇ ದೋಣಿಯೇರಿ ಮಂಗಳೂರು ಸೇರುತ್ತಿತ್ತು. ಉತ್ತರದ ಫಲ್ಗುಣಿಯೂ ಗುರುಪುರದ ಹೊಳೆಯೆನಿಸಿ ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯನ್ನು ಸಂಧಿಸುತ್ತದೆ. 1604ರಲ್ಲಿ ತಿಮ್ಮಣ್ಣ ಅಜಿಲರು ವೇಣೂರಿನಲ್ಲಿ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ್ದು ಈ ಫಲ್ಗುಣಿಯ ದಡದಲ್ಲಿ.

ಮಳೆಗಾಲ ಕಳೆದೊಡನೆ ಊರವರು ಒಟ್ಟಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಹೊಳೆತೋಡುಗಳಿಗೆ ‘ಕಟ್ಟ’ ಹಾಕುತ್ತಿದ್ದರು. ನಿಂತ ನೀರು ಸುಗ್ಗಿ, ಕೊಳಕೆ ಬೆಳೆಗಳಿಗೂ ಅಡಕೆ ತೋಟಕ್ಕೂ ಒದಗಿ, ಸುತ್ತಲಿನ ಬಾವಿಗಳ ಒರತೆಯನ್ನು ಕಾಯುತ್ತಿತ್ತು. ಮುಂಗಾರಿನ ಪ್ರವಾಹಕ್ಕೆ ಕಟ್ಟ ಕರಗಿಹೋಗುತ್ತಿತ್ತು. ಮೀನುಗಳು ಮೇಲೇರುವ ಕಾಲಕ್ಕೆ ಹೊಳೆಯ ದಾರಿ ತೆರೆದಿರುತ್ತಿತ್ತು. ಇದನ್ನೆಲ್ಲ ಅಹಿಂಸೆಯ ಆಚರಣೆಯೆಂದು ಹೊಗಳಿದರೆ ಇತಿಹಾಸಕ್ಕೆ ನ್ಯಾಯವಾಗದು. ಶಾಶ್ವತ ಕಟ್ಟೆ ಕಟ್ಟುವ ಸಾಮರ್ಥ್ಯವಿಲ್ಲದ ಕಾಲದ ಅನಿವಾರ್ಯತೆಯೂ ಅದರಲ್ಲಿತ್ತು. ಆದರೂ ಪಡೆದು ಮರಳಿಸುವ ಕ್ರಮವೊಂದು ಅಲ್ಲಿ ನೆಲೆಗೊಂಡಿತ್ತು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನು ಇಂದಿಗೂ ದೇವರ ಮೀನುಗಳೆಂದು ಕಾಯುತ್ತಾರೆ. ಅಲ್ಲಿ ಭಕ್ತಿಯೇ ಕಾನೂನು.

ಕ್ಷೇತ್ರವೊಂದರ ಭಕ್ತಿ ಹೊಳೆಯ ಒಂದು ತಿರುವನ್ನು ಕಾದೀತು, ಇಡೀ ನದಿಯನ್ನಲ್ಲ. 1923 ಮತ್ತು 1974ರ ನೆರೆಗಳು ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದವು. ಆದರೆ 2019ನೆಯ ವರ್ಷ ಹೆಚ್ಚು ವಿಚಿತ್ರವಾದುದು. ಆ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿದ್ದರಿಂದ, ಯಾತ್ರೆಯನ್ನು ಮುಂದೂಡುವಂತೆ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೋರಬೇಕಾಯಿತು. ಆಗಸ್ಟಿನಲ್ಲಿ ಅದೇ ತಾಲೂಕಿನ ಚಾರ್ಮಾಡಿ, ದಿಡುಪೆಗಳ ಕಡೆ ಗುಡ್ಡ ಕುಸಿದು ನೆರೆ ನುಗ್ಗಿತು.

ಇತ್ತ ಕುಮಾರಧಾರೆಯನ್ನು ಸೇರುವ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೊಯ್ಯುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಚಾಲನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರದವರ ದಾಹವೂ ದಾಹವೇ; ಅದನ್ನು ಅಲ್ಲಗಳೆಯುವುದು ಅನುಕಂಪೆಯ ಲಕ್ಷಣವಲ್ಲ. ಆದರೆ ಒಯ್ಯುವ ನೀರಿಗೆ ಟಿಎಂಸಿಯ ಲೆಕ್ಕವಿರುವಂತೆ, ಹೊಳೆಯಲ್ಲಿ ಉಳಿಯಲೇಬೇಕಾದ ನೀರಿಗೂ ಲೆಕ್ಕ ಬೇಡವೇ? ಮೀನಿಗೂ, ದಡದ ಬಾವಿಗೂ, ತುಂಬೆಯ ಕಿಂಡಿ ಅಣೆಕಟ್ಟಿನಿಂದ ನೀರು ಕುಡಿಯುವ ಮಂಗಳೂರಿಗೂ ಅದರಲ್ಲಿ ಪಾಲಿದೆ.

ಅನ್ಯರನ್ನು ಕೇಳುವ ಮೊದಲು ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಈ ಲೆಕ್ಕವನ್ನು ಬರೆದಿಡಬಹುದು. 18 ಬಸದಿಗಳೊಡನೆ 18 ಕೆರೆಗಳನ್ನೂ ಎಣಿಸುವ ಊರು ಮೂಡುಬಿದಿರೆ. ಅಲ್ಲಿ ಹೂಳೆತ್ತಬೇಕಾದ ಕೆರೆ ಯಾವುದು, ಅನ್ನದಾನದ ಪಾತ್ರೆ ತೊಳೆದ ನೀರು ಎತ್ತ ಹರಿಯುತ್ತದೆ ಎಂಬುದರಿಂದಲೇ ತೊಡಗಬಹುದು. ವೇಣೂರಿನಲ್ಲಿ ಮಹಾಮಸ್ತಕಾಭಿಷೇಕ ನಡೆದದ್ದು 2024ರ ಫೆಬ್ರವರಿಯಲ್ಲಿ. ಹನ್ನೆರಡು ವರ್ಷಗಳ ಕ್ರಮದಂತೆ ಮುಂದಿನದಕ್ಕೆ ಇನ್ನೂ ಕಾಲಾವಕಾಶವಿದೆ.