ಒಂದೇ ಕಾರ್ಖಾನೆ, ಮೂರು ಕಾಲ: ನಾರ್ತ್ ಆಡಮ್ಸ್ ಅನ್ನೋ ಊರು

ಇವತ್ತು ನಾವು ಹೋಗ್ತಿರೋದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಡಮ್ಸ್ ಅನ್ನೋ ಪುಟ್ಟ ಊರಿಗೆ. ಸುತ್ತ ಬೆಟ್ಟ, ಮಧ್ಯೆ ಹೂಸಿಕ್ ನದಿಯ ಎರಡು ಕವಲು ಸೇರೋ ಜಾಗ. ಆಗೆಲ್ಲ ಯಂತ್ರ ತಿರುಗಿಸೋಕೆ ಹರಿಯೋ ನೀರೇ ಬೇಕಿತ್ತು. ಹಾಗಾಗಿ ಗಿರಣಿಗಳು ಇಲ್ಲಿಗೆ ಬಂದ್ವು.

1860ರಲ್ಲಿ ಆರ್ನಾಲ್ಡ್ ಪ್ರಿಂಟ್ ವರ್ಕ್ಸ್ ಶುರುವಾಯ್ತು. ಬಟ್ಟೆ ಮೇಲೆ ಬಣ್ಣದ ಅಚ್ಚು ಹಾಕೋ ಕಾರ್ಖಾನೆ ಇದು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಬಟ್ಟೆ ಪೂರೈಸಿ ದೊಡ್ಡದಾಯ್ತು.

ಊರು ಬೆಳೆದದ್ದೇನೋ ನಿಜ, ಆದರೆ ಅದಕ್ಕೆ ಬೆಲೆ ತೆತ್ತವರು ಯಾರು? ಪಕ್ಕದ ಬೆಟ್ಟ ಕೊರೆದು ಹೂಸಾಕ್ ರೈಲು ಸುರಂಗ ಮಾಡೋಕೆ 1851ರಿಂದ 1875ರವರೆಗೆ ಹಿಡೀತು. ಉದ್ದ ಏಳೂವರೆ ಕಿಲೋಮೀಟರ್‌ಗೂ ಹೆಚ್ಚು. ಸತ್ತ ಕಾರ್ಮಿಕರು ಹತ್ತಿರ ಹತ್ತಿರ 200. 1870ರಲ್ಲಿ ಶೂ ಕಾರ್ಖಾನೆ ಮಾಲೀಕ ಕ್ಯಾಲ್ವಿನ್ ಸ್ಯಾಂಪ್ಸನ್, ಮುಷ್ಕರ ಮುರಿಯೋಕೆ ಅಂತ ಸ್ಯಾನ್ ಫ್ರಾನ್ಸಿಸ್ಕೋದಿಂದ 75 ಚೀನೀ ಕೆಲಸಗಾರರನ್ನ ರೈಲಲ್ಲಿ ಕರೆಸಿಕೊಂಡ. ಅವರಲ್ಲಿ ತುಂಬಾ ಜನ ಇನ್ನೂ ಹುಡುಗರು.

1942ರಲ್ಲಿ ಬಟ್ಟೆ ಕಾರ್ಖಾನೆ ಖಾಲಿ ಮಾಡ್ತು. ಅದೇ ಕಟ್ಟಡಗಳಿಗೆ ಸ್ಪ್ರೇಗ್ ಎಲೆಕ್ಟ್ರಿಕ್ ಬಂತು. ರೇಡಿಯೋ, ಟಿವಿಗಳ ಒಳಗೆ ಇರುತ್ತಲ್ಲ, ಕೆಪಾಸಿಟರ್, ಅದನ್ನ ತಯಾರಿಸ್ತಿದ್ರು. 1960ರ ದಶಕದಲ್ಲಿ ಸುಮಾರು 18,000 ಜನರ ಊರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಗೆ ಅಲ್ಲೇ ಕೆಲಸ. ಅಂದ್ರೆ, ಅಲ್ಲಿ ಸಂಬಳ ನಿಂತ್ರೆ ಊರಿನ ಅಂಗಡಿ, ಹೋಟೆಲು, ಬಾಡಿಗೆ ಮನೆ ಎಲ್ಲಕ್ಕೂ ಪೆಟ್ಟು.

ಹಾಗೇ ಆಯ್ತು. ವಿದೇಶಿ ಬಿಡಿಭಾಗಗಳು ಅಗ್ಗಕ್ಕೆ ಸಿಗೋಕೆ ಶುರುವಾದ್ಮೇಲೆ, 1985ರಲ್ಲಿ ಆ ಗೇಟು ಮುಚ್ಚಿತು.

ಮರುವರ್ಷವೇ ಪಕ್ಕದೂರಿನ ವಿಲಿಯಮ್ಸ್ ಕಾಲೇಜಿನ ಮ್ಯೂಸಿಯಂನವರು ದೊಡ್ಡ ದೊಡ್ಡ ಕಲಾಕೃತಿ ಇಡೋಕೆ ಜಾಗ ಹುಡುಕ್ತಿದ್ರು. ಖಾಲಿ ಬಿದ್ದ ಕಾರ್ಖಾನೆ ಕಣ್ಣಿಗೆ ಬಿತ್ತು. ಹಣ ಹೊಂದಿಸೋಕೆ ವರ್ಷಗಳೇ ಹಿಡಿದು, ಕೊನೆಗೆ 1999ರಲ್ಲಿ ಅಲ್ಲಿ ಮಾಸ್ ಮೋಕಾ ಅನ್ನೋ ಆಧುನಿಕ ಕಲಾ ಸಂಗ್ರಹಾಲಯ ತೆರೀತು.

ಹಾಗಾದ್ರೆ ಊರು ಉಳೀತಾ? ಕಟ್ಟಡಗಳು ಉಳಿದ್ವು, ಪ್ರವಾಸಿಗರು ಬಂದ್ರು. ಆದರೆ 1900ರಲ್ಲಿ 24,000 ದಾಟಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 13,000ಕ್ಕಿಂತ ಕಡಿಮೆ. ಕಾರ್ಖಾನೆ ಕೊಟ್ಟಷ್ಟು ಕೆಲಸ ಮ್ಯೂಸಿಯಂ ಕೊಡೋಕಾಗಲ್ಲ. ಯಾವುದಾದ್ರೂ ಊರು 'ಮತ್ತೆ ಚಿಗುರಿತು' ಅನ್ನೋ ಸುದ್ದಿ ಓದಿದಾಗ, ಅಲ್ಲಿ ಮೊದಲು ದುಡೀತಿದ್ದವರು ಈಗೆಲ್ಲಿದ್ದಾರೆ ಅಂತಲೂ ಒಮ್ಮೆ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.