ಬೂಟ್‌ಕಿಟ್: ಪತ್ತೆ ಮತ್ತು ನಿವಾರಣೆಯ ಇತಿಹಾಸ

ಗಣಕಯಂತ್ರಕ್ಕೆ ವಿದ್ಯುತ್ತು ಹರಿದ ಕ್ಷಣಕ್ಕೂ ಅದರ ಆಪರೇಟಿಂಗ್ ಸಿಸ್ಟಂ ಸಂಪೂರ್ಣವಾಗಿ ಎಚ್ಚೆತ್ತುಕೊಳ್ಳುವ ಕ್ಷಣಕ್ಕೂ ನಡುವಣ ಅಲ್ಪಾವಕಾಶದಲ್ಲಿ ಎಲ್ಲಕ್ಕಿಂತ ಮೊದಲೇ ಒಳಹೊಕ್ಕು, ಅನಂತರ ಬರುವ ಸಮಸ್ತ ತಂತ್ರಾಂಶದ ದೃಷ್ಟಿಗೂ ಮರೆಯಾಗಿ ನಿಲ್ಲುವ ಹಾನಿಕಾರಕ ತಂತ್ರಾಂಶಕ್ಕೆ ಬೂಟ್‌ಕಿಟ್ ಎಂದು ಹೆಸರು. ಹೆಸರು ಇಪ್ಪತ್ತೊಂದನೆಯ ಶತಮಾನದ್ದಾದರೂ ವಸ್ತು ಅದಕ್ಕಿಂತ ಹಳೆಯದು. 1980ರ ದಶಕದ ಬೂಟ್ ಸೆಕ್ಟರ್ ವೈರಸ್ಸುಗಳನ್ನು ಒಂದು ಅಧ್ಯಾಯದಲ್ಲಿಯೂ, 2005ರಿಂದೀಚಿನ ಬೂಟ್‌ಕಿಟ್‌ಗಳನ್ನು ಅದರೊಡನೆ ಸಂಬಂಧವೇ ಇಲ್ಲದಂತೆ ಮತ್ತೊಂದು ಅಧ್ಯಾಯದಲ್ಲಿಯೂ ನಿರೂಪಿಸುವುದು ರೂಢಿಯಾಗಿದೆ. ಈ ವಿಭಜನೆಯಿಂದ, ಅಡಗುವ ಉಪಾಯವೂ ಅದನ್ನು ಬಯಲಿಗೆಳೆಯುವ ಉಪಾಯವೂ ಎರಡು ಕಾಲಗಳಲ್ಲಿಯೂ ಒಂದೇ ಆಗಿದ್ದುವೆಂಬ ಮುಖ್ಯಾಂಶ ಮರೆಯಾಗಿಬಿಟ್ಟಿದೆ.

ಹಳೆಯ ಮಾದರಿಯ ಪರ್ಸನಲ್ ಕಂಪ್ಯೂಟರಿನಲ್ಲಿ, ಮದರ್‌ಬೋರ್ಡಿನ ಮೇಲಿರುವ ಬಯಾಸ್ ಎಂಬ ಆದಿತಂತ್ರಾಂಶವು ಡಿಸ್ಕಿನ ಪ್ರಥಮ ಸೆಕ್ಟರನ್ನು, ಎಂದರೆ 512 ಬೈಟುಗಳನ್ನು, ಸ್ಮೃತಿಗೆ ತಂದು ಅದರ ಕೈಗೆ ಅಧಿಕಾರವನ್ನು ಒಪ್ಪಿಸುವುದು. ಅದು ಮುಂದಿನದನ್ನು, ಮುಂದಿನದು ಅದರ ಮುಂದಿನದನ್ನು ಕರೆಯುವುದು. ಈ ಪರಂಪರೆಯಲ್ಲಿ ಹಿಂದಿನದು ಮುಂದಿನದಕ್ಕೆ ಏನನ್ನು ತೋರಿಸುವುದೋ ಅದೇ ಅದಕ್ಕೆ ಸತ್ಯ. ಆದುದರಿಂದ ಮೊದಲ ಸ್ಥಾನವನ್ನು ಆಕ್ರಮಿಸಿದವನು ಉಳಿದೆಲ್ಲದರ ದೃಷ್ಟಿಯನ್ನೂ ಆಳಬಲ್ಲನು.

ಬೂಟ್ ಸೆಕ್ಟರ್ ವೈರಸ್ಸುಗಳಲ್ಲಿ ಮೊದಲನೆಯದು ಯಾವುದೆಂಬ ಪ್ರಶ್ನೆಗೆ ಆಕರಗಳು ಎರಡು ಉತ್ತರಗಳನ್ನು ಕೊಡುತ್ತವೆ. 1982ರಲ್ಲಿ ಅಮೆರಿಕದ ಹದಿನೈದು ವರ್ಷದ ಬಾಲಕ ರಿಚ್ ಸ್ಕ್ರೆಂಟಾ ಆಪಲ್ 2 ಯಂತ್ರಕ್ಕಾಗಿ ರಚಿಸಿದ ಎಲ್ಕ್ ಕ್ಲೋನರ್ ಕಾಲದಲ್ಲಿ ಮುಂಚಿನದು. ಆದರೆ ಪ್ರತಿ ಐವತ್ತನೆಯ ಪ್ರಾರಂಭಕ್ಕೆ ತೆರೆಯ ಮೇಲೆ ಪದ್ಯವೊಂದನ್ನು ತೋರಿಸಿ ತನ್ನನ್ನು ತಾನೇ ಪ್ರಕಟಪಡಿಸಿಕೊಳ್ಳುತ್ತಿದ್ದ ಅದನ್ನು ಗುಪ್ತಚಾರಿಗಳ ಸಾಲಿಗೆ ಸೇರಿಸುವುದು ಉಚಿತವಲ್ಲ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸಹೋದರರು ರಚಿಸಿದ, ಐಬಿಎಂ ಮಾದರಿಯ ಯಂತ್ರಗಳಿಗೆ ತಗಲಿದ ಬ್ರೇನ್ ವೈರಸ್ಸಿನಿಂದಲೇ ಈ ಚರಿತ್ರೆಯನ್ನು ಆರಂಭಿಸುವುದು ಯುಕ್ತ. ಬ್ರೇನ್, ಫ್ಲಾಪಿಯ ಮೂಲ ಬೂಟ್ ಸೆಕ್ಟರನ್ನು ಬೇರೆಡೆಗೆ ಸಾಗಿಸಿ, ಆ ಎಡೆಯನ್ನು ಕೆಟ್ಟುಹೋದ ಭಾಗವೆಂದು ಗುರುತು ಮಾಡಿ, ಅದರ ಪೀಠದಲ್ಲಿ ತಾನು ಕುಳಿತುಕೊಂಡಿತು. ಮತ್ತು ಯಾರಾದರೂ ಬೂಟ್ ಸೆಕ್ಟರನ್ನು ಪರೀಕ್ಷಿಸಹೊರಟರೆ ಬಯಾಸಿನ ಡಿಸ್ಕ್ ಸೇವೆಯನ್ನು ನಡುವೆ ತಡೆದು, ಬಚ್ಚಿಟ್ಟಿದ್ದ ಮೂಲವನ್ನೇ ಎತ್ತಿ ತೋರಿಸಿತು. ಮುಂದೆ ಬಂದವರು ಈ ತಂತ್ರಕ್ಕೆ ನಯವನ್ನು ಸೇರಿಸಿದರೇ ಹೊರತು ಹೊಸ ತತ್ತ್ವವನ್ನು ಸೇರಿಸಲಿಲ್ಲ.

ಇದಕ್ಕೆ ಪ್ರತಿಯಾದ ಸೂತ್ರವೂ ಬಹುಬೇಗ ರೂಪುಗೊಂಡಿತು: ಶಂಕಿತ ಯಂತ್ರವನ್ನು ಅದರ ವಿಷಯವಾಗಿ ಅದನ್ನೇ ಕೇಳಬಾರದು. ಯಂತ್ರವನ್ನು ಆರಿಸಿ, ಅಂಚಿನ ಕಚ್ಚಿನ ಮೇಲೆ ಪಟ್ಟಿಯಂಟಿಸಿ ಬರೆಹಕ್ಕೆ ನಿಷಿದ್ಧವಾಗಿ ಮಾಡಿದ ಶುದ್ಧ ಫ್ಲಾಪಿಯಿಂದ ಪ್ರಾರಂಭಿಸಿ, ಅನಂತರ ಡಿಸ್ಕನ್ನು ಪರೀಕ್ಷಿಸಬೇಕು. ಇಲ್ಲಿ ಆರಿಸುವುದೆಂದರೆ ವಿದ್ಯುತ್ತನ್ನೇ ಕಡಿದುಹಾಕುವುದೆಂಬ ಅರ್ಥ ಎಷ್ಟು ಆವಶ್ಯಕವೆಂಬುದನ್ನು, 1990ರ ಜೂನ್ ತಿಂಗಳಲ್ಲಿ ಭಾರತದಲ್ಲಿ ಗುರುತಿಸಲ್ಪಟ್ಟ ಜೋಶಿ ವೈರಸ್ಸು ತೋರಿಸಿಕೊಟ್ಟಿತು. ಜನವರಿ 5ರಂದು ಯಂತ್ರವನ್ನು ಸ್ತಂಭಿಸಿ, ಜೋಶಿಗೆ ಜನ್ಮದಿನದ ಶುಭಾಶಯವನ್ನು ಟೈಪು ಮಾಡಿದ ಹೊರತು ಬಿಡದಿದ್ದುದಕ್ಕಾಗಿ ಅದು ಪ್ರಸಿದ್ಧವಾಯಿತು. ಆದರೆ ಅದರ ನಿಜವಾದ ಐತಿಹಾಸಿಕ ಮಹತ್ತ್ವವಿರುವುದು, ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳ ಪುನರಾರಂಭವನ್ನು ದಾಟಿ ಅದು ಸ್ಮೃತಿಯಲ್ಲಿ ಬದುಕಿ ಉಳಿಯುತ್ತಿದ್ದುದರಲ್ಲಿ. ಸುಮಾರು ಅದೇ ಅವಧಿಯ ಎಕ್ಸಿಬಗ್ ಇನ್ನೂ ಮುಂದೆ ಹೋಗಿ, ಫ್ಲಾಪಿ ಡ್ರೈವೇ ಇಲ್ಲವೆಂದು ಯಂತ್ರದ ಪ್ರಾರಂಭದ ಏರ್ಪಾಡುಗಳನ್ನು ಹಿಡಿದಿಡುವ ಸಿಮೋಸ್ ಸ್ಮರಣೆಯಲ್ಲಿ ಬರೆದಿಟ್ಟು, ಶುದ್ಧ ಫ್ಲಾಪಿಗಿಂತ ಮೊದಲು ತಾನು ಎಚ್ಚರಗೊಳ್ಳುವಂತೆ ಏರ್ಪಾಡು ಮಾಡಿಕೊಂಡಿತು.

ನಿವಾರಣೆಯ ವಿಷಯದಲ್ಲಿ ಬಹುಕಾಲ ಪ್ರಚಲಿತವಾಗಿದ್ದ ಒಂದು ಭ್ರಾಂತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 1991ರಲ್ಲಿ ಬಂದ ಎಂಎಸ್-ಡಾಸ್ 5.0ರ ಎಫ್‌ಡಿಸ್ಕ್ ಆದೇಶಕ್ಕೆ, ಕೈಪಿಡಿಯಲ್ಲಿ ಹೇಳದಿದ್ದ ಎಂಬಿಆರ್ ಎಂಬ ಆಯ್ಕೆಯೊಂದು ಇದ್ದಿತು. ಅದು ಪ್ರಥಮ ಸೆಕ್ಟರಿನ ವಿಭಾಗಪಟ್ಟಿಯನ್ನು ಮುಟ್ಟದೆ ಅದರ ಆಜ್ಞಾಭಾಗವನ್ನು ಮಾತ್ರ ಹೊಸದಾಗಿ ಬರೆಯುತ್ತಿತ್ತು. 1987ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಸ್ಟೋನ್ಡ್ ವೈರಸ್ಸಿಗೆ ಈ ಮದ್ದು ಸಲ್ಲುತ್ತಿದ್ದುದರಿಂದ, ಬಾಯಿಂದ ಬಾಯಿಗೆ ಹರಡಿ, ಎಲ್ಲ ಬೂಟ್ ವೈರಸ್ಸುಗಳಿಗೂ ಇದೇ ರಾಮಬಾಣವೆಂಬ ಖ್ಯಾತಿ ಬಂದುಬಿಟ್ಟಿತು. ಆದರೆ ಸ್ಟೋನ್ಡ್ ವಂಶದ್ದೇ ಆದ ಮಂಕಿ, ಮೂಲ ಸೆಕ್ಟರನ್ನು ಗೂಢಲಿಪಿಗೆ ತಿರುಗಿಸಿ ಬೇರೆಡೆ ಇಟ್ಟು, ವಿಭಾಗಪಟ್ಟಿಯನ್ನು ಅದರ ಸ್ವಸ್ಥಾನದಲ್ಲಿ ಉಳಿಸುತ್ತಿರಲಿಲ್ಲ. ವೈರಸ್ಸು ಜೀವಂತವಾಗಿದ್ದಷ್ಟು ಕಾಲವೂ ಡಿಸ್ಕು ಕಾಣುತ್ತಿತ್ತು, ಎಫ್‌ಡಿಸ್ಕಿನಿಂದ ಅದನ್ನು ಅಳಿಸಿದೊಡನೆಯೇ ಡಿಸ್ಕಿನ ದಾರಿ ಮುಚ್ಚಿಹೋಗುತ್ತಿತ್ತು. 1994ರ ಒನ್‌ಹಾಫ್ ಪ್ರತಿ ಪ್ರಾರಂಭದಲ್ಲಿಯೂ ಡಿಸ್ಕಿನ ಕೊನೆಯಿಂದ ಎರಡೆರಡು ಸಿಲಿಂಡರುಗಳನ್ನು ಗೂಢಲಿಪಿಗೆ ತಿರುಗಿಸುತ್ತ ಬಂದು, ಅದರ ಕೀಲಿಯನ್ನು ಆ ಪ್ರಥಮ ಸೆಕ್ಟರಿನಲ್ಲಿಯೇ ಇರಿಸಿಕೊಂಡಿತ್ತು. ಅವಸರದ ಚಿಕಿತ್ಸಕನು ಕಳ್ಳನನ್ನು ಹೊರಹಾಕುವಾಗ ಬೀಗದಕೈಯನ್ನೂ ಅವನೊಡನೆ ಕಳೆದುಕೊಳ್ಳುತ್ತಿದ್ದನು. ನಿವಾರಣೆಗೆ ಮುನ್ನ ಪ್ರಥಮ ಸೆಕ್ಟರುಗಳ ಪ್ರತಿ ತೆಗೆದಿಟ್ಟುಕೊಳ್ಳಬೇಕೆಂಬ ವಿವೇಕ ಇಂತಹ ನಷ್ಟಗಳಿಂದ ಬಂದದ್ದು.

1992ರ ಮಾರ್ಚ್ 6ರ ಮೈಕೆಲ್ಯಾಂಜೆಲೊ ಎಂಬ ಬೂಟ್ ವೈರಸ್ಸಿನ ಭೀತಿಯೂ, 1999ರ ಏಪ್ರಿಲ್ 26ರಂದು ಬಯಾಸನ್ನೇ ಅಳಿಸಿದ ಸಿಐಎಚ್ ವೈರಸ್ಸಿನ ಹಾವಳಿಯೂ ಎಲ್ಲ ಗ್ರಂಥಗಳಲ್ಲಿಯೂ ವರ್ಣಿತವಾಗಿವೆ. ಫ್ಲಾಪಿಯ ಬಳಕೆ ಕುಗ್ಗಿದೊಡನೆ ಬೂಟ್ ಸೆಕ್ಟರ್ ವೈರಸ್ಸುಗಳ ಪೀಳಿಗೆ ಕ್ಷೀಣಿಸಿತು.

ಪುನರ್ಜನ್ಮವಾದುದು ಸಂಶೋಧಕರ ವೇದಿಕೆಯಲ್ಲಿ. 2005ರಲ್ಲಿ ಡೆರೆಕ್ ಸೋಡರ್ ಮತ್ತು ರಯಾನ್ ಪರ್ಮೆ ಅವರು ಬೂಟ್‌ರೂಟನ್ನೂ, 2007ರಲ್ಲಿ ಭಾರತೀಯರಾದ ನಿತಿನ್ ಕುಮಾರ್ ಮತ್ತು ವಿಪಿನ್ ಕುಮಾರ್ ಅವರು ವಿಂಡೋಸ್ ವಿಸ್ಟಾಕ್ಕೆ ಅನ್ವಯಿಸುವ ವಿಬೂಟ್‌ಕಿಟ್ಟನ್ನೂ ಬ್ಲ್ಯಾಕ್ ಹ್ಯಾಟ್ ಸಮ್ಮೇಳನಗಳಲ್ಲಿ ಪ್ರದರ್ಶಿಸಿದರು. ಅದೇ ವರ್ಷದ ಅಂತ್ಯದಲ್ಲಿ ಬೂಟ್‌ರೂಟಿನ ಛಾಯೆಯುಳ್ಳ ಮೆಬ್‌ರೂಟ್, ಬ್ಯಾಂಕಿನ ಗುಪ್ತಪದಗಳನ್ನು ಅಪಹರಿಸುವ ಉದ್ಯೋಗದಲ್ಲಿ ತೊಡಗಿ, ಮೂಲ ಸೆಕ್ಟರನ್ನು 62ನೆಯ ಸೆಕ್ಟರಿನಲ್ಲಿ ಬಚ್ಚಿಟ್ಟು, ಕೇಳಿದವರಿಗೆ ಅದನ್ನೇ ತೋರಿಸಿತು: ಬ್ರೇನಿನ ಉಪಾಯವೇ ಇಪ್ಪತ್ತೊಂದು ವರ್ಷಗಳ ತರುವಾಯ ಮರಳಿ ಬಂದಿತು. ಅದನ್ನು ಹಿಡಿದ ಜಿಮರ್ ಮೊದಲಾದ ಸಾಧನಗಳು, ಒಂದೇ ಸೆಕ್ಟರನ್ನು ಎರಡು ಮಾರ್ಗಗಳಿಂದ ಓದಿ ಎರಡು ಉತ್ತರಗಳು ಹೊಂದದಿದ್ದರೆ ಸಂಶಯಪಡುವ ವಿಧಾನವನ್ನು ಅನುಸರಿಸಿದುವು. ಇದು ಸೊಗಸಾದ ವಿಧಾನ; ಆದರೆ ಸಾಕ್ಷಿಯನ್ನು ಅವನ ಮನೆಯಲ್ಲಿಯೇ ವಿಚಾರಿಸುವ ವಿಧಾನವಾದುದರಿಂದ, ಹೊರಗಿನ ಶುದ್ಧ ಡಿಸ್ಕಿನ ಸ್ಥಾನವನ್ನು ತುಂಬಲಾರದು. 2010ರ ಟಿಡಿಎಲ್-4 ಎಂಬ ಬೂಟ್‌ಕಿಟ್, 64 ಬಿಟ್ ವಿಂಡೋಸಿನ ಸಹಿಪರೀಕ್ಷೆಯನ್ನು, ಪ್ರಥಮ ಸೆಕ್ಟರನ್ನು ಆಕ್ರಮಿಸುವ ಮಾರ್ಗದಿಂದಲೇ ವಂಚಿಸಿತು. 2011ರ ಮೊದಲ ಮೂರು ತಿಂಗಳಲ್ಲಿ 45 ಲಕ್ಷಕ್ಕೂ ಅಧಿಕ ಯಂತ್ರಗಳು ಅದಕ್ಕೆ ಸಿಕ್ಕಿದುವೆಂದು ಕ್ಯಾಸ್ಪರ್‌ಸ್ಕಿ ಸಂಸ್ಥೆ ಲೆಕ್ಕ ಹಾಕಿತು. 2012ರ ಗ್ಯಾಪ್ಜ್ ವಿಭಾಗದ ಬೂಟ್ ಸೆಕ್ಟರಿನಲ್ಲಿ ಬದಲಿಸಿದ್ದು ಕೇವಲ ನಾಲ್ಕು ಬೈಟುಗಳನ್ನು, ಅವೂ ಆಜ್ಞೆಗಳಲ್ಲ, ಒಂದು ಅಂಕಿ ಮಾತ್ರ.

ಬಯಾಸಿನ ಸ್ಥಾನಕ್ಕೆ ಬಂದ ಯುಇಎಫ್‌ಐ ಎಂಬ ಆದಿತಂತ್ರಾಂಶದ, ಎಂದರೆ ಫರ್ಮ್‌ವೇರಿನ, ಯುಗದ ಕಾಲಾನುಕ್ರಮವಂತೂ ಇನ್ನೂ ಗೊಂದಲದಲ್ಲಿದೆ. ಫರ್ಮ್‌ವೇರಿನಲ್ಲಿಯೇ ನೆಲೆಸಿ ನೈಜ ದಾಳಿಯಲ್ಲಿ ಸಿಕ್ಕಿಬಿದ್ದ ಪ್ರಥಮ ಯುಇಎಫ್‌ಐ ರೂಟ್‌ಕಿಟ್ ಎಂಬ ಪಟ್ಟವನ್ನು, 2018ರ ಸೆಪ್ಟೆಂಬರಿನಲ್ಲಿ ಇಸೆಟ್ ಸಂಸ್ಥೆ ಪ್ರಕಟಿಸಿದ ಲೋಜ್ಯಾಕ್ಸಿಗೆ ಸಾಮಾನ್ಯವಾಗಿ ಕಟ್ಟುತ್ತಾರೆ. ಆದರೆ 2022ರಲ್ಲಿ ಕ್ಯಾಸ್ಪರ್‌ಸ್ಕಿ ವಿವರಿಸಿದ ಕಾಸ್ಮಿಕ್‌ಸ್ಟ್ರ್ಯಾಂಡಿನ ಪೂರ್ವರೂಪವನ್ನು ಚೀನದ ಚೀಹೂ 360 ಸಂಸ್ಥೆ 2017ರಲ್ಲಿಯೇ ವರದಿ ಮಾಡಿದ್ದಿತು. 2021ರಲ್ಲಿ ಹೊರಬಿದ್ದ ಇಎಸ್‌ಪೆಕ್ಟರಿನ ಬೇರುಗಳು 2012ರವರೆಗೆ ಇಳಿದಿದ್ದುವು. ಆಗ ಅದು ಹಳೆಯ ಬಯಾಸ್ ಯಂತ್ರಗಳ ಬೂಟ್‌ಕಿಟ್ ಆಗಿತ್ತು. ಹೀಗೆ ಪತ್ತೆಯಾದ ಕ್ರಮವೇ ಹುಟ್ಟಿದ ಕ್ರಮವಲ್ಲ. ಇಂತಹ ಇತಿಹಾಸದಲ್ಲಿ ವರ್ಷವನ್ನು ನಮೂದಿಸುವವರು, ಅದು ಕಾಣಿಸಿಕೊಂಡ ವರ್ಷವೇ ಅಥವಾ ಕೆಲಸಕ್ಕೆ ತೊಡಗಿದ ವರ್ಷವೇ ಎಂಬುದನ್ನು ಸ್ಪಷ್ಟಪಡಿಸುವುದು ಕರ್ತವ್ಯ. ಲೋಜ್ಯಾಕ್ಸ್ ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಫ್ಲ್ಯಾಶ್ ಸ್ಮೃತಿಯಲ್ಲಿದ್ದುದರಿಂದ ಡಿಸ್ಕನ್ನು ಬದಲಿಸಿದರೂ ಅದು ಹೋಗುತ್ತಿರಲಿಲ್ಲ. ಶುದ್ಧ ಫರ್ಮ್‌ವೇರನ್ನು ಪುನಃ ಬರೆಯುವುದು, ಅದು ಅಸಾಧ್ಯವಾದಲ್ಲಿ ಮದರ್‌ಬೋರ್ಡನ್ನೇ ತೆಗೆದುಹಾಕುವುದು, ಇವೆರಡೇ ಉಪಾಯಗಳು.

ವಿಂಡೋಸ್ 8ರೊಡನೆ 2012ರಲ್ಲಿ ಮನೆಮನೆಗೆ ಬಂದ ಸೆಕ್ಯೂರ್ ಬೂಟ್, ಸಹಿಯಿಲ್ಲದ ಬೂಟ್ ತಂತ್ರಾಂಶವನ್ನು ಬಾಗಿಲಲ್ಲಿಯೇ ತಡೆಯುವ ವ್ಯವಸ್ಥೆ. 2022ರ ಅಕ್ಟೋಬರಿನಿಂದ 5000 ಡಾಲರಿಗೆ ಮಾರಾಟಕ್ಕಿದ್ದ ಬ್ಲ್ಯಾಕ್‌ಲೋಟಸ್ ಬೂಟ್‌ಕಿಟ್ ಈ ಕಾವಲನ್ನು ಒಡೆಯಲಿಲ್ಲ. ದೋಷಯುಕ್ತವಾಗಿದ್ದರೂ ಸಹಿ ರದ್ದಾಗದೆ ಉಳಿದಿದ್ದ ಹಳೆಯ ಮೈಕ್ರೋಸಾಫ್ಟ್ ಬೂಟ್ ಕಡತವನ್ನೇ ತಂದು ತೋರಿಸಿ ಒಳಗೆ ಬಂದಿತು. ದೋಷವನ್ನು 2022ರ ಜನವರಿಯಲ್ಲಿಯೇ ತಿದ್ದಲಾಗಿತ್ತು, ಹಳೆಯ ಕಡತದ ಮಾನ್ಯತೆಯನ್ನು ಮಾತ್ರ ಹಿಂತೆಗೆದುಕೊಂಡಿರಲಿಲ್ಲ. 2023ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ರದ್ದತಿಗೆ ಅವಕಾಶ ಕಲ್ಪಿಸಿದರೂ, ಬಳಕೆದಾರನು ತಾನಾಗಿ ಜಾರಿಗೆ ತಂದ ಹೊರತು ಅದು ಕಾರ್ಯಗತವಾಗದಂತೆ ಇಟ್ಟಿತು. ಕಾರಣ, ರದ್ದತಿ ಒಮ್ಮೆ ಜಾರಿಗೆ ಬಂದರೆ ಆವರೆಗೆ ತಯಾರಿಸಿಟ್ಟಿದ್ದ ವಿಂಡೋಸ್ ಅನುಸ್ಥಾಪನೆಯ ಹಾಗೂ ಪುನಶ್ಚೇತನದ ಡಿಸ್ಕುಗಳನ್ನು, ನವೀಕರಿಸದ ಹೊರತು, ಯಂತ್ರವು ಸ್ವೀಕರಿಸುವುದಿಲ್ಲ. ಬ್ರೇನಿನ ಕಾಲದಿಂದ ಚಿಕಿತ್ಸೆಯ ಆಧಾರವಾಗಿದ್ದ, ಕಪಾಟಿನಲ್ಲಿ ಜೋಪಾನವಾಗಿ ಕಾದಿಟ್ಟಿದ್ದ ಆ ಶುದ್ಧ ಡಿಸ್ಕೇ ಈಗ ಬಾಗಿಲಲ್ಲಿ ನಿಲ್ಲಬೇಕಾಯಿತು.